ಹಾರ್ಡ್ ರಾಕ್‌ನಿಂದ ಕಂಟ್ರಿಗೆ: ಡಿಸ್ಟಾರ್ಷನ್ ಆಫ್ ಮಾಡಿದ ಮೇಲೆ ಮುಂದೇನು?

ಬೈತಖೋಲ್_ಬೆಂಡ್

ನಮ್ಮದು ಕಾರವಾರದ ನಾಲ್ಕು ಜನರ ಬ್ಯಾಂಡು. ಇಲ್ಲಿಯವರೆಗೆ ಹಾರ್ಡ್ ರಾಕ್, ನಡುವೆ ಒಂಚೂರು ಮೆಟಲ್. ಡಿಸೆಂಬರಿಗೆ ಗೋಕರ್ಣದ ಹತ್ತಿರದ ಒಂದು ರೆಸಾರ್ಟಿನವರು 45 ನಿಮಿಷದ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಹಾಡು) ಕಾರ್ಯಕ್ರಮ ಕೇಳಿದ್ದಾರೆ. ನಮಗೂ ಆ ಕಡೆ ಹೊರಳುವ ಮನಸ್ಸಿದೆ, ಒಂದು ದಿನದ ವೇಷಕ್ಕೆ ಅಂತಲ್ಲ.

ಇರುವ ಸಾಮಾನು: ಎರಡು ಹಂಬಕರ್ (ಜೋಡಿ ಕಾಯಿಲ್‌ನ ಪಿಕಪ್) ಇರುವ ಗಿಟಾರು, ಫ್ಲಾಯ್ಡ್ ರೋಸ್ ತೇಲುವ ಬ್ರಿಜ್, 9-42 ತಂತಿ, ಅರ್ಧ ಸ್ವರ ಇಳಿಸಿದ ಶ್ರುತಿ. ಆಂಪ್ ಬದಲು ಮಲ್ಟಿ ಎಫೆಕ್ಟ್ ಪೆಡಲ್, ಸೀದಾ ಮಿಕ್ಸರ್‌ಗೆ. ಒಂದು ಅಕೌಸ್ಟಿಕ್ ಇದೆ. ಡ್ರಮ್ಸ್‌ಗೆ ಡಬಲ್ ಪೆಡಲ್, ಬಾಸ್ ಐದು ತಂತಿಯದು, ಕೀಬೋರ್ಡಿನವನೇ ಹಾಡುಗಾರ.

ಡಿಸ್ಟಾರ್ಷನ್ (ಸದ್ದು ಒರಟು ಮಾಡುವ ಎಫೆಕ್ಟ್) ತೆಗೆದರೆ ಗಿಟಾರು ಬಡಕಲಾಗಿ ಕೇಳತ್ತೆ. ಕಂಟ್ರಿ ಹಾಡಿಗೆ ಸೋಲೋ ಬಾರಿಸಿದರೆ ಬ್ಲೂಸ್ ರಾಕ್ ಆಗಿಬಿಡತ್ತೆ. ಎರಡು ತಂತಿ ಒಟ್ಟಿಗೆ ಹಿಡಿದು ಒಂದನ್ನು ಬೆಂಡ್ ಮಾಡಿದರೆ (ಬದಿಗೆ ತಳ್ಳಿ ಸ್ವರ ಏರಿಸಿದರೆ) ಇನ್ನೊಂದು ಅಪಶ್ರುತಿ. ಕಂಟ್ರಿಯವರ ಟೆಲಿಕಾಸ್ಟರ್ ಗಿಟಾರು ತಗೊಳ್ಳದೆ ಗತಿಯಿಲ್ಲವಾ? ಕನ್ನಡದಲ್ಲೂ ನಾಲ್ಕೈದು ಹಾಡು ಮಾಡಬೇಕು ಅಂತಿದೆ, ಆದರೆ ಸಾಲು ಕೂರುತ್ತಿಲ್ಲ.

ಶಿರಸಿ_ತಂತಿ

ಟೆಲಿಕಾಸ್ಟರ್ ಈಗಲೇ ಬೇಡ ಮಾರಾಯ್ರೆ. ಇರುವ ಗಿಟಾರನ್ನೇ ಮೊದಲು ಹದಕ್ಕೆ ತನ್ನಿ.

ಅಪಶ್ರುತಿಯ ಕಾರಣ ನಿಮ್ಮ ಕಿವಿಯಲ್ಲ, ಬ್ರಿಜ್. ತೇಲುವ ಬ್ರಿಜ್‌ನಲ್ಲಿ ತಂತಿಗಳ ಎಳೆತ ಒಂದು ಕಡೆ, ಹಿಂದಿನ ಸ್ಪ್ರಿಂಗ್‌ಗಳ ಎಳೆತ ಇನ್ನೊಂದು ಕಡೆ. ಒಂದು ತಂತಿ ಬೆಂಡ್ ಮಾಡಿದ ಕೂಡಲೇ ಎಳೆತ ಹೆಚ್ಚಾಗಿ ಬ್ರಿಜ್ ಮುಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿ ಇಳಿಯುತ್ತವೆ. ರಾಕ್‌ನಲ್ಲಿ ಒಂದೇ ತಂತಿ ಬೆಂಡ್ ಮಾಡ್ತೀರಿ, ಗೊತ್ತಾಗಲ್ಲ. ಕಂಟ್ರಿಯ ಅರ್ಧ ಸೊಗಸು ಒಂದು ಸ್ವರ ನಿಂತು ಇನ್ನೊಂದು ಏರುವುದರಲ್ಲೇ ಇದೆ, ಹಾಗಾಗಿ ಅಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಬ್ರಿಜ್ ಕಟ್ಟಿಹಾಕಿ. ಕುತ್ತಿಗೆ ತುದಿಯ ನಟ್‌ನ ಲಾಕ್ ಸಡಿಲಿಸಿ ಶ್ರುತಿಯನ್ನು ಮಾಮೂಲಿ ಇ ಗೆ ಏರಿಸಿ. ಆಗ ಬ್ರಿಜ್‌ನ ಹಿಂಬದಿ ಮೇಲೇಳುತ್ತದೆ. ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿ, ಮತ್ತೆ ಅರ್ಧ ಸುತ್ತು, ಬ್ರಿಜ್ ಮೈಗೆ ಸಮಾನಾಂತರ ಬರುವವರೆಗೆ. ಈಗ ಒಳಗಿನ ಲೋಹದ ಬ್ಲಾಕ್‌ನ ಎರಡೂ ಪಕ್ಕದ ಸಂದು ಅಳೆದು, ಆ ಅಳತೆಗೆ ಒಣಗಿದ ಸಾಗುವಾನಿಯ ಎರಡು ತುಂಡು ಮಾಡಿಸಿ. ನಮ್ಮ ಕಡೆ ಯಾವ ಬಡಗಿ ಹತ್ತಿರವೂ ಚೂರು ಬಿದ್ದಿರುತ್ತದೆ. ಬೆಂಡ್‌ನ ತೊಂದರೆ ತಡೆಯುವುದು ಸ್ಟ್ರಾಪ್ ಬಟನ್ ಕಡೆಯ ತುಂಡು. ಕುತ್ತಿಗೆ ಕಡೆಯದ್ದು ಬ್ರಿಜ್ ಹಿಂದಕ್ಕೆ ಹೋಗದ ಹಾಗೆ ಹಿಡಿಯುತ್ತದೆ. ಗಮ್ ಹಾಕಬೇಡಿ. ಸಡಿಲ ಅನ್ನಿಸಿದರೆ ಪೋಸ್ಟ್‌ಕಾರ್ಡ್ ಚೂರು ಸೇರಿಸಿ. ಹಸಿ ಮರ ಹಾಕಿದರೆ ಮಳೆಗಾಲದಲ್ಲಿ ಉಬ್ಬಿ ಬ್ಲಾಕನ್ನು ತಳ್ಳುತ್ತದೆ, ಇಡೀ ಗಿಟಾರು ಶ್ರುತಿ ತಪ್ಪುತ್ತದೆ.

ತಂತಿ 9-46 ಹಾಕಿ. ಮೇಲಿನ ಮೂರು (ತಾರ ಸ್ವರದವು) ತೆಳು, ಬೆಂಡ್‌ಗೆ ಸುಲಭ. ಕೆಳಗಿನ ಮೂರು (ಮಂದ್ರದವು) ದಪ್ಪ, ಖಾಲಿ ತಂತಿಯ ಮಂದ್ರ ಹೊಡೆದಾಗ ಅಳ್ಳಾಡಲ್ಲ. ಎಳೆತ ಬದಲಾಗುವುದರಿಂದ ಬ್ರಿಜ್ ಕಟ್ಟುವ ಮೊದಲೇ ತಂತಿ ಬದಲಿಸಿ, ಆಮೇಲೆ ಅಲ್ಲ.

ಬಡಕಲು ನಾದದ ವಿಚಾರ. ಡಿಸ್ಟಾರ್ಷನ್ ಅಂದರೆ ಭಾರಿ ಕಂಪ್ರೆಷನ್ ಕೂಡ ಹೌದು, ಸಣ್ಣ ಸದ್ದನ್ನೂ ದೊಡ್ಡದು ಮಾಡಿ ಎಳೆದು ನಿಲ್ಲಿಸುತ್ತದೆ. ಅದು ಹೋದಾಗ ಕೈಯ ಏರಿಳಿತವೆಲ್ಲ ಬಯಲಾಗುತ್ತದೆ. ಅದಕ್ಕೇ ಸಾಲಿನಲ್ಲಿ ಮೊದಲು ಕಂಪ್ರೆಸರ್: ಅನುಪಾತ 4:1, ಅಟ್ಯಾಕ್ (ಹಿಡಿತ ಶುರುವಾಗುವ ಸಮಯ) 20ರಿಂದ 30 ಮಿಲಿಸೆಕೆಂಡ್, ಗಟ್ಟಿಯಾಗಿ ಹೊಡೆದಾಗ 4ರಿಂದ 6 ಡೆಸಿಬಲ್ ಮಾತ್ರ ಕಡಿತ. ಅಟ್ಯಾಕ್ ತೀರಾ ಚುರುಕಿಟ್ಟರೆ ಪಿಕ್ ತಾಗುವ ಆ ‘ಟಕ್’ ಸತ್ತುಹೋಗುತ್ತದೆ. ಆಂಪ್ ಮಾಡೆಲ್ ಫೆಂಡರ್ ಜಾತಿಯ ಕ್ಲೀನ್, ಗೇನ್ 3, ಬಾಸ್ 4, ಮಿಡ್ 5, ಟ್ರೆಬಲ್ 6. ಕೊನೆಗೆ ಡಿಲೇ 100ರಿಂದ 120 ಮಿಲಿಸೆಕೆಂಡ್, ಒಂದೇ ಒಂದು ಮರುದನಿ, ಮಿಕ್ಸ್ 25 ಪ್ರತಿಶತ. ಇದೇ ಸ್ಲ್ಯಾಪ್‌ಬ್ಯಾಕ್. ಫೀಡ್‌ಬ್ಯಾಕ್ ಗುಂಡಿ ಏರಿಸಿದರೆ ಗುಹೆಯ ಪ್ರತಿಧ್ವನಿಯಾಗಿ ಮತ್ತೆ ರಾಕ್ ಬ್ಯಾಲಡ್.

ಬ್ರಿಜ್ ಪಕ್ಕದ ಹಂಬಕರ್‌ಗೆ ಕಾಯಿಲ್ ಸ್ಪ್ಲಿಟ್ (ಎರಡರಲ್ಲಿ ಒಂದೇ ಕಾಯಿಲ್ ಬಳಸುವ ಸ್ವಿಚ್) ಇದ್ದರೆ ಬಳಸಿ. ಇಲ್ಲದಿದ್ದರೆ ಪಿಕಪ್ ಅನ್ನು ಒಂದು ಮಿಲಿಮೀಟರ್ ಕೆಳಗಿಳಿಸಿ, ವಾಲ್ಯೂಮ್ 7ಕ್ಕೆ ಇಡಿ. ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಮಂಕಾದರೆ, ವಾಲ್ಯೂಮ್ ಪಾಟ್‌ನ ಒಳಬರುವ ಕಾಲಿಗೂ ನಡುವಿನ ಕಾಲಿಗೂ 1 ನ್ಯಾನೊಫ್ಯಾರಡ್ ಕೆಪಾಸಿಟರ್, ಅದಕ್ಕೆ ಪ್ಯಾರಲಲ್ ಆಗಿ 150 ಕಿಲೋಓಮ್ ರೆಸಿಸ್ಟರ್ ಬೆಸುಗೆ ಹಾಕಿಸಿ. ಟಿವಿ ರಿಪೇರಿ ಅಂಗಡಿಯಲ್ಲೇ ಆಗುವ ಕೆಲಸ.

ಇನ್ನು ಸೋಲೋ. ರಾಕ್‌ನವರು ಹಾಡಿನ ಶ್ರುತಿಗೆ ಒಂದು ಮೈನರ್ ಪೆಂಟಾಟೋನಿಕ್ (ಐದು ಸ್ವರಗಳ ಗುಚ್ಛ) ಹಿಡಿದು ಕೆಳಗೆ ಯಾವ ಕಾರ್ಡ್ ಬಂದರೂ ಅದನ್ನೇ ಬಾರಿಸುತ್ತಾರೆ. ಕಂಟ್ರಿಯಲ್ಲಿ ಕಾರ್ಡ್ ಬದಲಾದಾಗಲೆಲ್ಲ ಸ್ವರಗುಚ್ಛವೂ ಬದಲಾಗಬೇಕು. ಜಿ ಕಾರ್ಡ್ ಮೇಲೆ ಜಿ, ಎ, ಬಿ, ಡಿ, ಇ. ಸಿ ಕಾರ್ಡ್ ಬಂದ ಕೂಡಲೇ ಸಿ, ಡಿ, ಇ, ಜಿ, ಎ. ಡಿ ಕಾರ್ಡ್‌ಗೆ ಡಿ, ಇ, ಎಫ್ ಶಾರ್ಪ್, ಎ, ಬಿ. ನಮ್ಮ ಹೆಸರಲ್ಲಿ ಹೇಳುವುದಾದರೆ ಮೂರೂ ಮೋಹನ. ಷಡ್ಜ ಮಾತ್ರ ಕಾರ್ಡ್ ಜೊತೆ ಜಾಗ ಬದಲಿಸುತ್ತದೆ. ನಿಮ್ಮ ಬ್ಲೂಸ್ ಸ್ವರ ಪೂರ್ತಿ ಬಿಡಬೇಕಾಗಿಲ್ಲ, ಅಲ್ಲಿ ನಿಲ್ಲಬೇಡಿ ಅಷ್ಟೆ: ಜಿ ಕಾರ್ಡ್‌ನಲ್ಲಿ ಮೂರನೇ ತಂತಿಯ 3ನೇ ಫ್ರೆಟ್ ಮುಟ್ಟಿ ಕೂಡಲೇ 4ಕ್ಕೆ ಹ್ಯಾಮರ್ (ಮೀಟದೆ ಬೆರಳು ಬಡಿಯುವುದು). ಮೈನರ್ ಗಾಂಧಾರದಿಂದ ಮೇಜರ್ ಗಾಂಧಾರಕ್ಕೆ ಜಾರುವ ಆ ಒಂದು ಕ್ಷಣದಲ್ಲೇ ಕಂಟ್ರಿ ಕೇಳುತ್ತದೆ.

ಬೆಂಡ್ ಒಂದನ್ನು ಸರಿಯಾಗಿ ಕಲಿಯಿರಿ, ಉಳಿದವು ಅದರ ಹಿಂದೆ ಬರುತ್ತವೆ. ಸಿ ಕಾರ್ಡ್: ಕಿರುಬೆರಳು ಮಲಗಿಸಿ ಒಂದು ಮತ್ತು ಎರಡನೇ ತಂತಿಯ 8ನೇ ಫ್ರೆಟ್. ಉಂಗುರ ಬೆರಳು ಮೂರನೇ ತಂತಿಯ 7ನೇ ಫ್ರೆಟ್, ಅದರ ಹಿಂದೆ ಆಸರೆಗೆ ನಡುಬೆರಳು, ತೋರುಬೆರಳು. ಮೂರೂ ತಂತಿ ಒಟ್ಟಿಗೆ ಮೀಟಿ ಮೂರನೆಯದನ್ನು ಮಾತ್ರ ಪೂರ್ಣ ಸ್ವರ ಮೇಲಕ್ಕೆ ತಳ್ಳಿ, ಡಿ ಯಿಂದ ಇ ಗೆ. ಗುರಿ ಸ್ವರ ಅದೇ ತಂತಿಯ 9ನೇ ಫ್ರೆಟ್‌ನಲ್ಲಿದೆ, ಮೊದಲು ಅದನ್ನು ಬಾರಿಸಿ ಕಿವಿಯಲ್ಲಿ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಕೆಡುವುದು ಇಲ್ಲಿ: ಉಂಗುರ ಬೆರಳು ತಳ್ಳುವಾಗ ಕಿರುಬೆರಳೂ ಜೊತೆಗೆ ಸರಿದು ಎರಡನೇ ತಂತಿ ಏರುತ್ತದೆ. ಮೂರನೇ ತಂತಿ ಮೀಟದೆ, ಬೆಂಡ್ ಮಾಡುತ್ತಾ ಬರೀ ಎರಡನೇ ತಂತಿ ಮೀಟಿ ಟ್ಯೂನರ್ ನೋಡಿ, ಮುಳ್ಳು ಅಲ್ಲಾಡಬಾರದು. ರಾಕ್‌ನಲ್ಲಿ ಬೆಂಡ್ ಆದ ಮೇಲೆ ಅಗಲವಾದ ವೈಬ್ರಾಟೊ ಹಾಕುವ ಅಭ್ಯಾಸ ಇರುತ್ತದಲ್ಲ, ಇಲ್ಲಿ ಅದು ಪೂರ್ತಿ ಬೇಡ. ಪೆಡಲ್ ಸ್ಟೀಲ್‌ನಲ್ಲಿ (ಮಲಗಿಸಿ, ಪೆಡಲ್ ಒತ್ತಿ ಬಾರಿಸುವ ಕಂಟ್ರಿ ಗಿಟಾರು; ಈ ಬೆಂಡ್ ಅದರದ್ದೇ ಅನುಕರಣೆ) ಸ್ವರ ಏರಿ ಗಪ್ ಅಂತ ನಿಲ್ಲುತ್ತದೆ.

ಬಲಗೈಗೆ ಪಿಕ್ ಜೊತೆ ನಡುಬೆರಳು, ಉಂಗುರ ಬೆರಳು ಸೇರಿಸಿ. ನಾಲ್ಕನೇ ತಂತಿ ಪಿಕ್, ಮೂರನೇದು ನಡುಬೆರಳು, ಎರಡನೇದು ಉಂಗುರ; ಮೆಟ್ರೋನೋಮ್ 80, ಒಂದು ಬಡಿತಕ್ಕೆ ಎರಡು ಸ್ವರ. ಇದು ಕೂತ ಮೇಲೆ ಚಿಕನ್ ಪಿಕಿಂಗ್: ಎಡಗೈ ಬೆರಳನ್ನು ಒತ್ತದೆ ಬರೀ ತಾಗಿಸಿ ಪಿಕ್‌ನಿಂದ ಒಂದು ಸತ್ತ ಸದ್ದು, ಕೂಡಲೇ ಒತ್ತಿ ನಡುಬೆರಳಿನಿಂದ ತಂತಿ ಎಳೆದು ಬಿಡುವುದು. ತಂತಿ ಫ್ರೆಟ್‌ಗೆ ಬಡಿಯುವಷ್ಟು ಎಳೆಯಿರಿ.

ಇಷ್ಟೆಲ್ಲ ಹೇಳಿ ಇನ್ನೊಂದು ಹೇಳದಿದ್ದರೆ ಉಪಯೋಗವಿಲ್ಲ. ಹಾಡುಗಾರ ಬಾಯಿ ತೆರೆದಾಗ ನಿಮ್ಮ ಗಿಟಾರು ಮುಚ್ಚಿರಬೇಕು. ಸಾಲು ಮುಗಿದು ಮುಂದಿನ ಸಾಲು ಹುಟ್ಟುವ ನಡುವಿನ ಎರಡು ಬಡಿತ ಮಾತ್ರ ನಿಮ್ಮದು. ಸೋಲೋ ಎಂಟು ಬಾರ್ (ತಾಳದ ಆವರ್ತ), ಹೆಚ್ಚೆಂದರೆ ಒಂದು ಚರಣದಷ್ಟು. ರಾಕ್‌ನಿಂದ ಬಂದವರು ಸೋಲುವುದು ನಾದದಲ್ಲಿ ಅಲ್ಲ, ಇಲ್ಲಿ.

ಸದಾಶಿವಗಡ_ಸ್ನೇರ್

ಡ್ರಮ್ಸ್ ಬಗ್ಗೆ ಯಾರೂ ಮಾತಾಡಲ್ಲ. ಗಿಟಾರು ಎಷ್ಟೇ ಕಂಟ್ರಿಯಾದರೂ ಹಿಂದೆ ಡಬಲ್ ಪೆಡಲ್ ಗುದ್ದುತ್ತಿದ್ದರೆ ಮುಗೀತು. ಎಡಗಾಲಿನ ಪೆಡಲ್ ಮನೆಯಲ್ಲೇ ಬಿಟ್ಟು ಬರಲಿ.

ಟ್ರೇನ್ ಬೀಟ್‌ಗೆ (ರೈಲಿನ ಓಟದಂಥ ಕಂಟ್ರಿ ತಾಳ) ‘ತಕಧಿಮಿ’ ಸಾಕು. ಸ್ನೇರ್ ಮೇಲೆ ಬಲ, ಎಡ, ಬಲ, ಎಡ, ಬಿಡುವಿಲ್ಲದೆ. ಕಿಕ್ (ಕಾಲಿನ ಡ್ರಮ್) ‘ತ’ ಮೇಲೆ, ಒತ್ತು ‘ಧಿ’ ಮೇಲೆ. ಉಳಿದ ಹೊಡೆತಗಳಿಗೆ ಕಡ್ಡಿ ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಮೇಲೇಳಬಾರದು, ಒತ್ತಿಗೆ ಒಂದು ಗೇಣು. ರಾಕ್ ಡ್ರಮ್ಮರ್ ಕೈಯಲ್ಲಿ ನಾಲ್ಕೂ ಹೊಡೆತ ಒಂದೇ ಎತ್ತರಕ್ಕೆ ಬರುತ್ತವೆ, ಆಗ ಅದು ರೈಲಲ್ಲ, ಬರೀ ಗದ್ದಲ. 80ರಲ್ಲಿ ಶುರು ಮಾಡಿ ನಾಲ್ಕು ನಾಲ್ಕು ಏರಿಸಿ 110ಕ್ಕೆ ತನ್ನಿ. ಮಣಿಕಟ್ಟು ಬಿಗಿದರೆ ವೇಗ ತಾನೇ ಏರುತ್ತದೆ, ಅದಕ್ಕೆ ಕ್ಲಿಕ್ ಇಲ್ಲದೆ ಅಭ್ಯಾಸ ಬೇಡ.

ಬ್ರಶ್ ಅಥವಾ ರಾಡ್ಸ್ (ತೆಳು ಕಡ್ಡಿಗಳ ಕಟ್ಟು) ಬಳಸಿ. ಅಂಗಡಿಯದ್ದು ದುಬಾರಿ ಅನ್ನಿಸಿದರೆ 3 ಮಿಲಿಮೀಟರ್ ದಪ್ಪದ, 40 ಸೆಂಟಿಮೀಟರ್ ಉದ್ದದ ನಯ ಮಾಡಿದ ಬಿದಿರ ಕಡ್ಡಿ ಹದಿನೈದು, ಹಿಡಿಯಲ್ಲಿ ಬಿಗಿಯಾಗಿ ಇನ್ಸುಲೇಷನ್ ಟೇಪ್, ತುದಿಯಿಂದ ಒಂದು ಮೂರನೇ ಭಾಗದಲ್ಲಿ ಸಡಿಲವಾಗಿ ಇನ್ನೊಂದು ಸುತ್ತು. ಆ ಎರಡನೇ ಸುತ್ತು ಹಿಂದೆ ಸರಿಸಿದರೆ ಸದ್ದು ಹರಡುತ್ತದೆ, ಮುಂದೆ ತಂದರೆ ಗಟ್ಟಿಯಾಗುತ್ತದೆ.

ಮೂರು ಬಡಿತದ ವಾಲ್ಟ್ಜ್ ಹಾಡಿಗೆ ‘ತಕಿಟ’: ‘ತ’ ಕಿಕ್, ‘ಕಿ’, ‘ಟ’ ಸ್ನೇರ್. ಅಷ್ಟೇ.

ಬಾಸ್‌ನವರಿಗೆ: ಐದನೇ ತಂತಿ ಮರೆತುಬಿಡಿ. ಒಂದನೇ ಬಡಿತಕ್ಕೆ ಷಡ್ಜ, ಮೂರನೇ ಬಡಿತಕ್ಕೆ ಪಂಚಮ, ಎರಡರ ನಡುವೆ ಮೌನ. ಜಿ ಯಿಂದ ಸಿ ಗೆ ಹೋಗುವ ಕೊನೆಯ ಬಾರ್‌ನಲ್ಲಿ ಮೂರನೇ ಬಡಿತ ಎ, ನಾಲ್ಕನೇದು ಬಿ, ಆಮೇಲೆ ಸಿ ಗೆ ಇಳಿಯಿರಿ. ಎಂಟು ಸ್ವರ ಒಂದೇ ಸಮ ಕುಟ್ಟುವ ರಾಕ್ ಚಾಳಿ ಬೇಡ. ಬ್ರಿಜ್ ಹತ್ತಿರ ತಂತಿಯ ಕೆಳಗೆ ಸ್ಪಂಜ್ ಚೂರು ಸಿಕ್ಕಿಸಿದರೆ ಸ್ವರ ಗಿಡ್ಡವಾಗಿ, ನಿಲ್ಲಿಸಿ ಬಾರಿಸುವ ದೊಡ್ಡ ಬಾಸ್ ತರಹ ಕೇಳುತ್ತದೆ.

ಜಾಗ ಸಣ್ಣದಿದ್ದು ಡ್ರಮ್ಸ್ ಇಡಲು ಬಿಡದಿದ್ದರೆ ಕಂಟ್ರಿ ಹಾಡುಗಾರ ಜಾನಿ ಕ್ಯಾಶ್‌ನ ಉಪಾಯ ಇದೆ. ಮೊದಮೊದಲು ಅವನ ಜೊತೆ ಡ್ರಮ್ಮರ್ ಇರಲಿಲ್ಲ, ಅಕೌಸ್ಟಿಕ್ ತಂತಿಗಳ ನಡುವೆ ಕಾಗದ ಹೊಸೆದು ಸ್ನೇರ್ ಸದ್ದು ತರುತ್ತಿದ್ದ. ಮಡಚಿದ ಕಾಗದವನ್ನು ಒಂದು ತಂತಿಯ ಮೇಲೆ, ಮುಂದಿನದರ ಕೆಳಗೆ ಹಾಗೆ ನೇಯ್ದು ಸಿಕ್ಕಿಸಿ.

ಬೈತಖೋಲ್_ಬೆಂಡ್

ತುಂಬಾ ಉಪಕಾರ ಆಯ್ತು. ಎರಡು ಸಂಶಯ. ಕೀಬೋರ್ಡ್‌ನಲ್ಲಿ ಪೆಡಲ್ ಸ್ಟೀಲ್ ಟೋನ್ ಇದೆ, ಪಿಚ್ ಬೆಂಡ್ ಮಾಡಿದರೆ ಕಾರ್ಟೂನ್ ಸದ್ದಾಗತ್ತೆ. ಹಾಡುಗಾರ ಭಜನೆಯಿಂದ ಬಂದವನು, ಕಾಳಿ ಒಂದರಲ್ಲೇ (ಸಿ ಶಾರ್ಪ್) ಹಾಡುವುದು. ಖಾಲಿ ತಂತಿಯ ಕಾರ್ಡ್ ಒಂದೂ ಸಿಗಲ್ಲ.

ಶಿರಸಿ_ತಂತಿ

ಸ್ಟೀಲ್‌ನಲ್ಲಿ ಪೆಡಲ್ ಒತ್ತಿದರೆ ಒಂದೆರಡು ತಂತಿ ಮಾತ್ರ ಏರುತ್ತವೆ, ಉಳಿದವು ನಿಂತಿರುತ್ತವೆ. ಪಿಚ್ ಬೆಂಡ್ ಚಕ್ರ ಎಲ್ಲವನ್ನೂ ಒಟ್ಟಿಗೆ ಎಳೆಯುತ್ತದೆ, ಅದಕ್ಕೇ ಕಾರ್ಟೂನ್. ಕೀಬೋರ್ಡ್ ಸ್ಪ್ಲಿಟ್ ಮಾಡಿ ಎರಡೂ ಕಡೆ ಅದೇ ಟೋನ್ ಹಾಕಿ, ಎಡ ಭಾಗಕ್ಕೆ ಮಾತ್ರ ಬೆಂಡ್ ರೇಂಜ್ 2, ಬಲ ಭಾಗಕ್ಕೆ 0. ಆದರೆ ಎಡಗೈ ಸ್ವರ ಒತ್ತಿಕೊಂಡೇ ಚಕ್ರ ತಿರುಗಿಸಬೇಕು, ಹಾಡುತ್ತಾ ಮಾಡುವುದು ಕಷ್ಟ. ಅದಕ್ಕಿಂತ ಪಿಯಾನೋ ಸಾಕು. ಪಿಯಾನೋ ವಾದಕ ಫ್ಲಾಯ್ಡ್ ಕ್ರೇಮರ್ ಹೆಸರಾಗಿದ್ದೇ ಜಾರು ಸ್ವರದಿಂದ: ಸಿ ಕಾರ್ಡ್‌ನಲ್ಲಿ ಕಿರುಬೆರಳು ಮೇಲಿನ ಜಿ ಹಿಡಿದಿರಲಿ, ಕೆಳಗೆ ಡಿ ಮುಟ್ಟಿ ತಕ್ಷಣ ಇ. ಗಿಟಾರಿನಲ್ಲಿ ನೀವು ಬೆಂಡ್ ಮಾಡುವುದೂ ಇದೇ ಎರಡು ಸ್ವರ. ಇಬ್ಬರೂ ಒಟ್ಟಿಗೆ ಮಾಡಬೇಡಿ, ಒಂದು ಚರಣ ಅವರದ್ದು, ಒಂದು ನಿಮ್ಮದು.

ಕಾಳಿ ಒಂದಕ್ಕೆ ಕೇಪೊ (ಕುತ್ತಿಗೆಗೆ ಹಾಕಿ ಎಲ್ಲ ತಂತಿ ಒತ್ತುವ ಕ್ಲಿಪ್): 1ನೇ ಫ್ರೆಟ್‌ಗೆ ಹಾಕಿ ಸಿ ಆಕಾರ, 4ಕ್ಕೆ ಹಾಕಿ ಎ ಆಕಾರ, 6ಕ್ಕೆ ಹಾಕಿದರೆ ಜಿ ಆಕಾರ. ಅಕೌಸ್ಟಿಕ್ ಎರಡು ಇದ್ದರೆ ಒಂದು 1ರಲ್ಲಿ, ಇನ್ನೊಂದು 6ರಲ್ಲಿ, ಚೆನ್ನಾಗಿ ಹರಡಿಕೊಳ್ಳುತ್ತದೆ. ಹೆಣ್ಣು ದನಿಗೆ ಕಾಳಿ ಐದು ಬಂದರೆ 3ನೇ ಫ್ರೆಟ್, ಜಿ ಆಕಾರ. ಕೇಪೊ ಹಾಕಿದ ಮೇಲೆ ಮತ್ತೊಮ್ಮೆ ಟ್ಯೂನರ್ ನೋಡಲೇಬೇಕು, ಅದು ದಪ್ಪ ತಂತಿಗಳನ್ನು ಏರಿಸಿರುತ್ತದೆ.

ಕಾರ್ಡ್ ಹೆಸರು ಬರೆಯುವುದು ಬಿಟ್ಟು ಅಂಕಿ ಬರೆಯಿರಿ. 1950ರ ದಶಕದ ಕೊನೆಗೆ ಜಾರ್ಡನೇರ್ಸ್ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ ಶುರು ಮಾಡಿದ ಪದ್ಧತಿ, ಕಂಟ್ರಿಯ ತವರು ನ್ಯಾಶ್‌ವಿಲ್‌ನ ಸ್ಟುಡಿಯೋಗಳಲ್ಲಿ ಈಗಲೂ ಅದೇ. 1, 4, 5 ಅಂದರೆ ಸ, ಮ, ಪ. ಮೈನರ್ ಆದರೆ ಅಂಕಿ ಪಕ್ಕ ಒಂದು ಗೀಟು. ಹಾಡುಗಾರ ವೇದಿಕೆಯಲ್ಲಿ ‘ಇವತ್ತು ಗಂಟಲು ಸರಿಯಿಲ್ಲ, ಒಂದು ಮನೆ ಇಳಿಸೋಣ’ ಅಂದರೂ ಚೀಟಿ ಬದಲಾಗಲ್ಲ.

ಅಂಕೋಲಾ_ಆಂಪ್

ಶಿರಸಿಯವರು ಕಂಪ್ರೆಸರ್ ಹಾಕಿ ಅಂದಿದ್ದು ಸರಿ, ಆದರೆ ಅವರು ಘಟ್ಟದ ಮೇಲೆ ಕೂತು ಹೇಳಿದ್ದು. ಸಮುದ್ರ ದಂಡೆಯ ರೆಸಾರ್ಟ್ ಅಂದರೆ ಜನರೇಟರ್ ಕರೆಂಟು, ಬಣ್ಣದ ಲೈಟಿನ ಡಿಮ್ಮರ್, ಮರಳಲ್ಲಿ ಹೂತ ಅರ್ಧಂಬರ್ಧ ಅರ್ಥಿಂಗ್. ಕಾಯಿಲ್ ಸ್ಪ್ಲಿಟ್ ಮಾಡಿದ ಕೂಡಲೇ ಹಂಬಕರ್‌ನ ಕೆಲಸವೇ ಹೋಯಿತು, ‘ಗುಂಯ್’ ಶುರು; ಕಂಪ್ರೆಸರ್ ಆ ಗುಂಯ್ ಅನ್ನು ಎತ್ತಿ ಎತ್ತಿ ಕೊಡುತ್ತದೆ. ಅಂಥ ಕಡೆ ಸ್ಪ್ಲಿಟ್ ಬಿಡಿ, ಪೂರ್ತಿ ಹಂಬಕರ್, ವಾಲ್ಯೂಮ್ 6, ಇಕ್ಯೂನಲ್ಲಿ 250 ಹರ್ಟ್ಸ್ ಹತ್ತಿರ 3 ಡೆಸಿಬಲ್ ಕಡಿತ, 3 ಕಿಲೋಹರ್ಟ್ಸ್‌ನಲ್ಲಿ 2 ಡೆಸಿಬಲ್ ಏರಿಕೆ. ಕುಳಿತು ಕೇಳುವವರಿಗೆ ವ್ಯತ್ಯಾಸ ಗೊತ್ತಾಗಲ್ಲ. ಲೈಟಿಗೆ ಬೇರೆ ಲೈನ್, ಸೌಂಡಿಗೆ ಬೇರೆ ಲೈನ್ ಕೊಡಿ ಅಂತ ಮೊದಲೇ ಹೇಳಿ. ಮೈಕ್‌ಗೆ ತುಟಿ ತಾಗಿದಾಗ ಚುರುಕ್ ಅಂದರೆ ಗಿಟಾರು ಕೆಳಗಿಟ್ಟು ಮೊದಲು ಅರ್ಥಿಂಗ್ ಸರಿ ಮಾಡಿಸಿ, ಆಮೇಲೆ ಸಂಗೀತ.

ಅಕೌಸ್ಟಿಕ್ ಜೋರು ಮಾಡಿದಾಗ ಊಳಿಡುವುದು ಸಾಮಾನ್ಯವಾಗಿ 100ರಿಂದ 200 ಹರ್ಟ್ಸ್ ನಡುವೆ. ಗಿಟಾರಿನ ಬಾಯಿಗೆ ರಬ್ಬರ್ ಮುಚ್ಚಳ, ಮಿಕ್ಸರ್‌ನಲ್ಲಿ 100ಕ್ಕೆ ಲೋ ಕಟ್, ಮಾನಿಟರ್ ಗಿಟಾರಿನ ಎದುರಲ್ಲಿ ಇಡದೆ ಓರೆಯಾಗಿ. ಸಂಜೆ ಕಡಲ ಗಾಳಿಗೆ ಎಲ್ಲ ಮೈಕ್‌ಗೂ ಸ್ಪಂಜ್ ಟೋಪಿ.

ತಂತಿ ಬಗ್ಗೆ: ಉಪ್ಪು ಗಾಳಿಗೆ ಮೇಲಿನ ಮೂರು ಬರಿ ತಂತಿ ಬೇಗ ತುಕ್ಕು ಹಿಡಿಯುತ್ತವೆ. ತುಕ್ಕು ಬೆರಳಿಗೆ ಸಿಗುವ ಮೊದಲೇ ಬೆಂಡ್ ಕೆರೆಯುತ್ತದೆ, ಶ್ರುತಿ ನಿಲ್ಲಲ್ಲ. ಕೋಟೆಡ್ ತಂತಿ ಹಾಕಿ, ಬಾರಿಸಿದ ಮೇಲೆ ತಂತಿಯ ಕೆಳಗೂ ಬಟ್ಟೆ ತೂರಿಸಿ ಒರೆಸಿ. ಮಳೆಗಾಲ ಪೂರ್ತಿ ಅಕೌಸ್ಟಿಕ್ ಪೆಟ್ಟಿಗೆಯಲ್ಲೇ ಇರಲಿ, ಜೊತೆಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಕಾಲು ಕಿಲೋ ಬಟ್ಟೆ ಚೀಲದಲ್ಲಿ. ಬಣ್ಣ ತಿರುಗಿದಾಗ ಓವನ್‌ನಲ್ಲಿ 110 ಡಿಗ್ರಿಗೆ ಒಣಗಿಸಿ. ಗುರಿ 45ರಿಂದ 55 ಪ್ರತಿಶತ ತೇವ. ಹೈಗ್ರೋಮೀಟರ್ ಸುಳ್ಳು ಹೇಳುತ್ತಿದೆಯಾ ನೋಡಲು ಬಾಟಲಿ ಮುಚ್ಚಳದಲ್ಲಿ ಉಪ್ಪು, ಅದು ಕೆಸರಾಗುವಷ್ಟು ಮಾತ್ರ ನೀರು, ಎರಡನ್ನೂ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ. 75 ತೋರಿಸಬೇಕು. ಪುಡಿ ಉಪ್ಪು ಬಳಸಿ. ಊಟಕ್ಕೆ ಸಾಣಿಕಟ್ಟಾ ಉಪ್ಪಿಗೆ ಸಮ ಬೇರೆ ಇಲ್ಲ, ಆದರೆ ಅದರಲ್ಲಿ ಮ್ಯಾಗ್ನೀಷಿಯಂ ಇರುವುದರಿಂದ ಈ ಲೆಕ್ಕ ತಪ್ಪುತ್ತದೆ.

ಹೊನ್ನಾವರ_ಷಟ್ಪದಿ

ಕನ್ನಡ ಸಾಲು ಕೂರದಿರುವುದಕ್ಕೆ ಕಾರಣ ಬಹುಶಃ ಇದು. ಇಂಗ್ಲಿಷ್ ಕಂಟ್ರಿ ಹಾಡಿನ ಸಾಲು ಸಾಮಾನ್ಯವಾಗಿ ಬಡಿತಕ್ಕೆ ಮುಂಚೆಯೇ ಒಂದೆರಡು ಹಗುರ ಅಕ್ಷರದಿಂದ ಹೊರಡುತ್ತದೆ, ಭಾರ ಆಮೇಲೆ ಬೀಳುತ್ತದೆ. ಕನ್ನಡ ಪದದ ಭಾರ ಮೊದಲ ಅಕ್ಷರದಲ್ಲೇ. ಆ ಧಾಟಿಗೆ ಕನ್ನಡ ತುಂಬಿದರೆ ಒತ್ತು ಎರಡನೇ ಅಕ್ಷರದ ಮೇಲೆ ಬಿದ್ದು ಡಬ್ಬಿಂಗ್ ಜಾಹೀರಾತಿನ ಹಾಗೆ ಕೇಳುತ್ತದೆ. ಧಾಟಿಯನ್ನೇ ಒಂದನೇ ಬಡಿತಕ್ಕೆ ಎಳೆದು ತನ್ನಿ, ಆಗ ಪದ ತಾನಾಗಿ ಕೂರುತ್ತದೆ.

ಲೆಕ್ಕಕ್ಕೆ ಹಳೆಯ ಮಾತ್ರಾಗಣಗಳೇ ಸಾಕು. ಟ್ರೇನ್ ಬೀಟ್‌ಗೆ ನಾಲ್ಕರ ಗಣ, ಶರ ಷಟ್ಪದಿಯದ್ದು:

ಘಟ್ಟದ | ತಿರುವಲಿ | ಲಾರಿಯ | ದೀಪ

ಮೊದಲ ಮೂರು ಗಣ ನಾಲ್ಕು ನಾಲ್ಕು ಮಾತ್ರೆ, ಕೊನೆಯದ್ದು ಮೂರು. ಉಳಿದ ಒಂದು ಮಾತ್ರೆ ಉಸಿರಿಗೆ. ಗಿಟಾರಿನವರ ಫಿಲ್‌ಗೆ (ಸಾಲುಗಳ ನಡುವಿನ ತುಣುಕಿಗೆ) ಇನ್ನೂ ಜಾಗ ಬೇಕಾದರೆ ಆ ಮೇಲೊಂದು ಗಣ ಪೂರ್ತಿ ಖಾಲಿ ಬಿಡಿ.

ವಾಲ್ಟ್ಜ್‌ಗೆ ಮೂರರ ಗಣ, ಭೋಗ ಷಟ್ಪದಿಯದ್ದು:

ಕಡಲ | ದಂಡೆ | ಮರಳ | ಮೇಲೆ
ನಿನ್ನ | ಹೆಜ್ಜೆ | ಉಳಿಯ | ಲಿಲ್ಲ

ಇಲ್ಲಿ ‘ದಂಡೆ’, ‘ಮೇಲೆ’ ಎರಡರಲ್ಲೂ ಗುರು ಮುಂದೆ, ಲಘು ಹಿಂದೆ. ವಾಲ್ಟ್ಜ್‌ನ ಭಾರವೂ ಹಾಗೇ ಬೀಳುತ್ತದೆ. ಒಂದು ಗಣ ‘ದಿನಾ’ ತರಹ ಲಘು-ಗುರು ಆದರೆ ಕಾಲು ಎಡವಿದ ಹಾಗಾಗುತ್ತದೆ, ಹಾಡಿ ನೋಡಿ.

ಯಕ್ಷಗಾನ ಕೇಳಿ ಬೆಳೆದವರಿಗೆ ನಾಲಿಗೆಗೆ ಮೊದಲು ಬರುವುದು ಭಾಮಿನಿ, ಮೂರು-ನಾಲ್ಕರದ್ದು. ಅದನ್ನು ಹಾಗೇ ಹಾಕಿದರೆ ಏಳು ಮಾತ್ರೆಯಾಗಿ ಡ್ರಮ್ಮರ್ ದಾರಿ ತಪ್ಪುತ್ತಾನೆ. ‘ಮಳೆಯು ನಿಂತರು ಹಂಚಿನಂಚಲಿ’: ಇದರಲ್ಲಿ ‘ನಿಂತರು’, ‘ನಂಚಲಿ’ ಎರಡರ ಕೊನೆಯ ಅಕ್ಷರ ಒಂದೊಂದು ಮಾತ್ರೆ ಎಳೆದರೆ ಎಂಟೆಂಟಾಗಿ ಬಾರ್ ತುಂಬುತ್ತದೆ. ಸಾವಕಾಶದ ಹಾಡಿಗೆ ಈ ಎಳೆತ ಬಹಳ ಚಂದ, ವೇಗದ್ದಕ್ಕೆ ಬೇಡ.

ಪ್ರಾಸ ಸಾಲಿನ ಕೊನೆಗೆ ಬೇಕು, ಆದರೆ ‘ಹೋದೆನು, ಬಂದೆನು, ನಿಂತೆನು’ ಪ್ರಾಸ ಅಲ್ಲ, ಬರೀ ಕ್ರಿಯಾಪದದ ಬಾಲ. ನಾಮಪದಕ್ಕೆ ನಾಮಪದ ಹೊಂದಿಸಿ. ವಸ್ತುವಿಗೆ ಕುದುರೆ, ಕೌಬಾಯ್, ವಿಸ್ಕಿ ಎರವಲು ತರಬೇಡಿ. ಕಂಟ್ರಿ ಹಾಡುವುದು ದುಡಿಮೆ, ದಾರಿ, ಬಿಟ್ಟುಬಂದ ಮನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲರ್ ದಡಕ್ಕೆ ಕಟ್ಟಿ ಕೂತವನ ಮೇಲೆ ಒಂದು ಹಾಡಾಗುವುದಿಲ್ಲವೇ? ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟವರ ಮೇಲೆ? ಬೈತಖೋಲ್ ಅಂತ ಮೀನುಗಾರಿಕೆ ಬಂದರಿನ ಹೆಸರಿಟ್ಟುಕೊಂಡವರಿಗೆ ನಾನು ಹೇಳಬೇಕಾಗಿಲ್ಲ.

ಬೈತಖೋಲ್_ಬೆಂಡ್

ಭೋಗ ಷಟ್ಪದಿ ಹಾಡಿ ನೋಡಿದೆವು, ಸರಿಯಾಗಿ ಕೂತಿತು! ಡ್ರಮ್ಮರ್ ಕೇಳ್ತಿದ್ದಾನೆ: ರಾಕ್ ಬಿಟ್ಟು ಕಂಟ್ರಿಗೆ ಹೋಗಿ ಉಳಿದವರು ನಿಜಕ್ಕೂ ಇದ್ದಾರಾ, ಅಥವಾ ಟೋಪಿ ಹಾಕಿ ವಾಪಸ್ ಬಂದವರೇ ಹೆಚ್ಚಾ?

ಶಿರಸಿ_ತಂತಿ

ಇದ್ದಾರೆ. ಜೆರ್ರಿ ಲೀ ಲೂಯಿಸ್ ರಾಕ್ ಅಂಡ್ ರೋಲ್‌ನ ಆದಿಯವನು, 1968ರಲ್ಲಿ ಕಂಟ್ರಿಗೆ ತಿರುಗಿದ ಮೇಲೆ ವರ್ಷಗಟ್ಟಲೆ ಅಲ್ಲೇ ಗೆದ್ದ. ಅದೇ ವರ್ಷ ಬರ್ಡ್ಸ್ ಎಂಬ ರಾಕ್ ತಂಡ ನ್ಯಾಶ್‌ವಿಲ್‌ಗೆ ಹೋಗಿ ಕಂಟ್ರಿ ಆಲ್ಬಮ್ ಮಾಡಿತು. ಆಗ ಜೊತೆಗೂಡಿದ್ದು ಗ್ರಾಮ್ ಪಾರ್ಸನ್ಸ್, ಪೆಡಲ್ ಸ್ಟೀಲ್‌ಗೆ ಲಾಯ್ಡ್ ಗ್ರೀನ್, ಜೇಡೀ ಮೇನೆಸ್. ಡೇರಿಯಸ್ ರಕರ್ 1990ರ ದಶಕದಲ್ಲಿ ಹೂಟಿ ಅಂಡ್ ದ ಬ್ಲೋಫಿಶ್ ಎಂಬ ರಾಕ್ ತಂಡದ ಹಾಡುಗಾರ, 2008ರಲ್ಲಿ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನ. 1983ರಲ್ಲಿ ಚಾರ್ಲಿ ಪ್ರೈಡ್ ಆದ ಮೇಲೆ ಒಂಟಿಯಾಗಿ ಹಾಡಿದ ಕಪ್ಪು ಹಾಡುಗಾರನೊಬ್ಬನಿಗೆ ಅದು ಸಿಕ್ಕಿದ್ದು ಆಗಲೇ. ಲೆಡ್ ಜೆಪ್ಪೆಲಿನ್ ರಾಕ್ ತಂಡದ ರಾಬರ್ಟ್ ಪ್ಲಾಂಟ್ 2007ರಲ್ಲಿ ಕಂಟ್ರಿ ಹಾಡುಗಾರ್ತಿ ಆಲಿಸನ್ ಕ್ರಾಸ್ ಜೊತೆ ಮಾಡಿದ ಆಲ್ಬಮ್‌ಗೆ 2009ರಲ್ಲಿ ವರ್ಷದ ಆಲ್ಬಮ್ ಗ್ರ್ಯಾಮಿ ಬಂತು. ಪ್ಲಾಂಟ್ ಅಲ್ಲಿ ಕಿರುಚುವುದಿಲ್ಲ, ಅವಳ ದನಿಯ ಪಕ್ಕದಲ್ಲಿ ತನ್ನದನ್ನು ಇಳಿಸಿ ಇಡುತ್ತಾನೆ. ಅದನ್ನು ನಿಮ್ಮ ಹಾಡುಗಾರ ಗಮನವಿಟ್ಟು ಕೇಳಲಿ: ಮೈಕ್‌ಗೆ ನಾಲ್ಕು ಬೆರಳು ದೂರ, ಮಾತಿನ ಎತ್ತರ, ಪ್ರತಿ ಪದ ಸ್ಪಷ್ಟ.

ಎರಡನೇ ದನಿ ಬೇಕೇ ಬೇಕು. ಹಾಡುಗಾರನ ಸ್ವರದ ಮೇಲೆ ಆ ಕ್ಷಣದ ಕಾರ್ಡ್‌ನಲ್ಲಿ ಸಿಗುವ ಮುಂದಿನ ಸ್ವರ ಹಿಡಿಯಿರಿ: 1 ಕಾರ್ಡ್‌ನಲ್ಲಿ ಅವನು ಗಾಂಧಾರದಲ್ಲಿದ್ದರೆ ನೀವು ಪಂಚಮ, ಅವನು ಪಂಚಮ ಆದರೆ ನೀವು ತಾರ ಷಡ್ಜ. ಪಲ್ಲವಿಗೆ ಮಾತ್ರ ಸಾಕು. ಇಬ್ಬರೂ ಪದದ ಕೊನೆಯ ಅಕ್ಷರ ಒಟ್ಟಿಗೆ ಬಿಡಬೇಕು, ಅದು ತಪ್ಪಿದರೆ ಸ್ವರ ಸರಿಯಿದ್ದೂ ದಂಡ.

45 ನಿಮಿಷಕ್ಕೆ ಎಷ್ಟು ಹಾಡು ಅಂತ ಲೆಕ್ಕ ಹಾಕಿದ್ದೀರಾ? ರಾಕ್ ಹಾಡು ಐದು ನಿಮಿಷ ಎಳೆಯುತ್ತದೆ, ಇವು ಮೂರು ನಿಮಿಷಕ್ಕೆ ಮುಗಿಯುತ್ತವೆ. ನಡುವಿನ ಮಾತು, ಟ್ಯೂನಿಂಗ್ ಸಮಯ ಕಳೆದರೆ ಹದಿಮೂರು ಬೇಕು. ಟ್ರೇನ್ ಬೀಟ್ ಎರಡಕ್ಕಿಂತ ಹೆಚ್ಚು ಒಂದರ ಹಿಂದೆ ಒಂದು ಇಡಬೇಡಿ, ಡ್ರಮ್ಮರ್ ಮಣಿಕಟ್ಟು ಹೋಗುತ್ತದೆ. ನಡುವೆ ವಾಲ್ಟ್ಜ್ ಹಾಕಿ. ಕೇಪೊ 1ರ ಹಾಡುಗಳು ಒಂದು ಕಡೆ, 3ರದ್ದು ಒಂದು ಕಡೆ.

ಸದಾಶಿವಗಡ_ಸ್ನೇರ್

ಹದಿಮೂರಲ್ಲ, ಹದಿನೈದು ತಯಾರಿಡಿ. ಊಟ ತಡವಾದರೆ ಅವರು ಇನ್ನೆರಡು ಕೇಳೇ ಕೇಳುತ್ತಾರೆ.